ಕಿಲೀನ್‌ನಲ್ಲಿ ಚೌಕಾಸಿ

ಗುರುರಾಜರು ಚೌಕಾಸಿಗೆ ನಿಂತರೆಂದರೆ ಎದುರಿನವನು ಅರ್ಧ ಸೋತ ಹಾಗೆಯೇ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನ ಹಿಂದೆ ಚೀಲ ಹಿಡಿದು ಓಡಾಡಿ ಕಲಿತ ವಿದ್ಯೆ ಅದು. ಮೂವತ್ತು ವರ್ಷ ಆಸ್ಟಿನ್‌ನ ಚಿಪ್ ಕಂಪನಿಯಲ್ಲಿ ದುಡಿದು ರಿಟೈರ್ ಆದ ಮೇಲೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ. ವಸ್ತುವನ್ನು ಕೈಗೆತ್ತಿಕೊಳ್ಳಬೇಕು, ಏನಾದರೂ ಒಂದು ಕೊಂಕು ಹುಡುಕಬೇಕು, ಅರ್ಧ ಬೆಲೆ ಹೇಳಬೇಕು, ಆಗುವುದಿಲ್ಲ ಎಂದರೆ ಬೆನ್ನು ತಿರುಗಿಸಿ ಹೊರಡಬೇಕು. ಗುಟ್ಟೆಲ್ಲ ಇರುವುದು ಆ ಹೊರಡುವುದರಲ್ಲಿ. ಬೇಗ ನಡೆಯಬಾರದು, ತಿರುಗಿ ನೋಡಲೇಬಾರದು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ 'ಬನ್ನಿ ಸಾರ್, ತಗೊಂಡ್ಹೋಗಿ' ಎಂಬ ಕರೆ ಬಂದೇ ಬರುತ್ತದೆ. ಟೆಕ್ಸಾಸಿನ ಕಾರು ಮಾರುವವನೊಬ್ಬ ಹೀಗೆಯೇ ಪಾರ್ಕಿಂಗ್ ಲಾಟಿನವರೆಗೆ ಓಡಿಬಂದಿದ್ದನಂತೆ. ಅಂತೆ ಏನು ಬಂತು, ಗುರುರಾಜರು ತಾವಿರುವ ಸೀಡರ್ ಪಾರ್ಕ್ ಊರಿನ ಕನ್ನಡದವರಿಗೆಲ್ಲ ಇದನ್ನು ಕಿವಿ ತೂತಾಗುವಷ್ಟು ಸಲ ಹೇಳಿದ್ದಾರೆ.

ಆದರೆ ಎರಡು ವರ್ಷದಿಂದ ಅವರು ಯಾವ ಸಂತೆಗೂ ಹೋಗಿರಲಿಲ್ಲ. ಹೋಗುತ್ತಿದ್ದವರು ಹೆಂಡತಿ ವೈದೇಹಿ.

ಸೀಡರ್ ಪಾರ್ಕಿನಿಂದ ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಕಿಲೀನ್ ಸಿಗುತ್ತದೆ. ಊರಿಗಿಂತ ದೊಡ್ಡದಾದ ಸೇನಾ ಠಾಣೆ ಅಲ್ಲಿದೆ. ಸೈನಿಕರಿಗೆ ಇದ್ದಕ್ಕಿದ್ದಂತೆ ಜರ್ಮನಿಗೋ ಕೊರಿಯಾಕ್ಕೋ ವರ್ಗವಾಗುತ್ತದೆ. ಮನೆಸಾಮಾನನ್ನೆಲ್ಲ ಹೊತ್ತುಕೊಂಡು ಹೋಗಲು ಆಗುತ್ತದೆಯೇ? ಶನಿವಾರ ಬೆಳಿಗ್ಗೆ ಮನೆಮುಂದೆ ಹರವಿ, ಬಂದಷ್ಟಕ್ಕೆ ಮಾರಿ ಹೋಗುತ್ತಾರೆ. ವೈದೇಹಿ ಒಂದು ಶನಿವಾರವನ್ನೂ ಬಿಟ್ಟವರಲ್ಲ. ಅವರ ಗರಾಜಿನಲ್ಲಿ ಈಗ ಕಾರಿಗೆ ಜಾಗವಿಲ್ಲ. ಮೂರು ಇಸ್ತ್ರಿ ಹಲಗೆ, ನಾಲ್ಕು ಟೋಸ್ಟರು, ಚಿಪ್ಪಿನ ಕುಸುರಿಯ ಕೊರಿಯಾ ಪೆಟ್ಟಿಗೆ, ಮುಚ್ಚಳವಿರುವ ಜರ್ಮನ್ ಬಿಯರ್ ಲೋಟಗಳು. ಆ ಲೋಟಗಳಲ್ಲಿ ಅವರು ಹುಣಸೆಹಣ್ಣು ತುಂಬಿಟ್ಟಿದ್ದರು. ಸಾಲದ್ದಕ್ಕೆ ಹಿಮದ ಮೇಲೆ ಜಾರುವ ಒಂದು ಬಂಡಿ, ಈ ಸುಡುಗಾಡು ಬಿಸಿಲಿನ ಟೆಕ್ಸಾಸಿನಲ್ಲಿ!

ಹೋಗುವಾಗ ಮಾತ್ರ ಅವರ ಕೈಯಲ್ಲಿ ಯಾವಾಗಲೂ ಸ್ಟೀಲ್ ಡಬ್ಬಿ ಇರುತ್ತಿತ್ತು. ಒಂದು ವಾರ ಬಿಸಿಬೇಳೆಬಾತು, ಇನ್ನೊಂದು ವಾರ ಪುಳಿಯೋಗರೆ. ಹಳೆ ಟೋಸ್ಟರು ಕೊಳ್ಳುವುದಕ್ಕೆ ಯಾರಾದರೂ ಬಿಸಿಬೇಳೆಬಾತು ಹೊತ್ತುಕೊಂಡು ಹೋಗುತ್ತಾರೆಯೇ? ಗುರುರಾಜರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೆಂದು ವೈದೇಹಿಗೂ ಗೊತ್ತಿತ್ತು. ಕಿಲೀನ್ ಠಾಣೆಯಲ್ಲಿ ಇದ್ದವನು ಅವರ ಮಗ ಧ್ರುವ.

ಧ್ರುವ ಮೂರನೆಯ ವರ್ಷದ ಕಂಪ್ಯೂಟರ್ ಸೈನ್ಸನ್ನು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಸೇರಿ ಟ್ಯಾಂಕ್ ರಿಪೇರಿ ಮಾಡುತ್ತಿದ್ದ. ಡಾಕ್ಟರು, ಎಂಜಿನಿಯರು ಬಿಟ್ಟರೆ ಮೂರನೆಯ ಜಾತಿಯೇ ಇಲ್ಲದ ಬಳಗದಲ್ಲಿ ಇದನ್ನು ಹೇಳುವುದು ಹೇಗೆ? ಲೂಯಿಸ್‌ವಿಲ್‌ನ ಸ್ನೇಹಿತ ಶ್ರೀಕಂಠಯ್ಯನವರು ಕೇಳಿದಾಗ ಗುರುರಾಜರು "ಗವರ್ನಮೆಂಟ್ ಕೆಲಸ" ಎಂದು ಮಾತು ತೇಲಿಸಿದ್ದರು. ಸುಳ್ಳೇನೂ ಅಲ್ಲವಲ್ಲ. ಸೇರುತ್ತೇನೆಂದು ಮಗ ಹೇಳಿದ ಸಂಜೆ ಅವರು ಊಟದ ತಟ್ಟೆ ತಳ್ಳಿ, "ಸೇರೋದಾದ್ರೆ ಈ ಮನೆಗೆ ಬರ್ಬೇಡ" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಒಂದು ಗಂಟೆ ಬಿಟ್ಟು ಬಂದಾಗ ಮಗ ಬ್ಯಾಗು ತೆಗೆದುಕೊಂಡು ಹೋಗಿಯಾಗಿತ್ತು. ಅಲ್ಲಿಂದ ಈಚೆಗೆ ಅಪ್ಪ ಮಗನ ನಡುವೆ ಮಾತಿಲ್ಲ, ಫೋನಿಲ್ಲ.

ಜೂನ್ ತಿಂಗಳ ಆ ಶನಿವಾರ ವೈದೇಹಿ ಕಪ್ಪು ಕನ್ನಡಕ ಹಾಕಿಕೊಂಡು, ಡಬ್ಬಿ ಹಿಡಿದು, ಗಂಡನ ಕುರ್ಚಿಯ ಮುಂದೆ ನಿಂತರು. ಬುಧವಾರವಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು. ಒಂದು ವಾರ ಡ್ರೈವ್ ಮಾಡಕೂಡದೆಂದು ಡಾಕ್ಟರು ಹೇಳಿದ್ದರು.

"ರೀ, ಇವತ್ತು ನೀವು ಡ್ರೈವ್ ಮಾಡ್ಬೇಕು. ಕಿಲೀನ್‌ಗೆ."

"ಯಾಕೆ, ಇನ್ನೊಂದು ಇಸ್ತ್ರಿ ಹಲಗೆ ಬೇಕಾಯ್ತಾ?"

"ಮಂಗಳವಾರ ಅವನು ಜರ್ಮನಿಗೆ ಹೋಗ್ತಾನೆ. ಮೂರು ವರ್ಷ. ಇವತ್ತು ಸೇಲ್ ಇರೋದು ಅವನದೇ."

ಎರಡು ವರ್ಷದಲ್ಲಿ 'ಅವನು' ಎಂಬ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಮೂರು ವರ್ಷವೆಂದರೆ ತನಗೆ ಅರವತ್ತೇಳಾಗುತ್ತದೆ ಎಂದು ಗುರುರಾಜರ ಮನಸ್ಸು ತಾನಾಗಿ ಲೆಕ್ಕ ಹಾಕಿತು. ಬಾಯಿ ಮಾತ್ರ ಬೇರೆಯೇ ಮಾತಾಡಿತು.

"ನಾನು ಕಾರಲ್ಲೇ ಕೂತಿರ್ತೀನಿ. ಇಳಿಯಲ್ಲ."

"ಕೂತಿರಿ. ಯಾರು ಬೇಡ ಅಂದ್ರು?" ಎಂದರು ವೈದೇಹಿ, ಆಗಲೇ ಬಾಗಿಲ ಹತ್ತಿರ ಹೋಗಿ.

ಕಿಲೀನ್ ಮುಟ್ಟಿದ ಮೇಲೆ ವೈದೇಹಿ ಎಡ, ಬಲ ಎಂದು ದಾರಿ ತೋರಿಸಿದರು. ಫೋನಿನ ಮ್ಯಾಪು ಬೇಕಾಗಲಿಲ್ಲ. ಧ್ರುವನ ಸಾರ್ಜೆಂಟ್ ಒಬ್ಬನ ಮನೆಯ ಮುಂದೆ, ಒಟ್ಟಿಗೆ ವರ್ಗವಾಗಿದ್ದ ನಾಲ್ಕು ಜನ ತಮ್ಮ ಸಾಮಾನು ಹರವಿಕೊಂಡಿದ್ದರು. ಟಿವಿ, ಗಿಟಾರು, ಡಂಬೆಲ್ಲುಗಳು, ಮೊಣಕಾಲೆತ್ತರದ ಫ್ರಿಜ್ಜು. ವೈದೇಹಿ ಡಬ್ಬಿ ಹಿಡಿದು ಇಳಿದು ಹೋದರು. ತಲೆಗೂದಲು ಸಣ್ಣಗೆ ಕತ್ತರಿಸಿದ, ಭುಜ ಅಗಲವಾದ, ಕತ್ತು ಬಿಸಿಲಿಗೆ ಸುಟ್ಟ ಒಬ್ಬ ಹುಡುಗ ಬಂದು ಅವರನ್ನು ತಬ್ಬಿಕೊಂಡ. ಅವನು ತನ್ನ ಮಗನೆಂದು ಗೊತ್ತಾಗಲು ಗುರುರಾಜರಿಗೆ ಒಂದು ಕ್ಷಣ ಹಿಡಿಯಿತು. ಅದು ಅವರಿಗೆ ಬಹಳ ನೋವು ಕೊಟ್ಟಿತು.

ಇಳಿಯಲ್ಲ ಅಂದವರು ನಾಲ್ಕು ನಿಮಿಷ ಕೂತರು. ಐದನೆಯ ನಿಮಿಷಕ್ಕೆ ಡ್ರೈವ್‌ವೇಯಲ್ಲಿದ್ದರು, ಎಲ್ಲ ಗಿರಾಕಿಗಳಂತೆ ಕೈ ಹಿಂದೆ ಕಟ್ಟಿಕೊಂಡು.

ಮೂಲೆಯಲ್ಲಿ ಒಂದು ಮರದ ಮೇಜಿತ್ತು. ಅಂಗಡಿಯದಲ್ಲ, ಕೈಯಲ್ಲಿ ಮಾಡಿದ್ದು; ಅಂಚಿನಲ್ಲಿ ಧ್ರುವನ ಹೆಸರು ಕೊರೆದಿತ್ತು. ಗುರುರಾಜರು ಬಗ್ಗಿ ಅದರ ಅಡಿಗೆ ಕೈ ಹಾಕಿ ಸವರಿದರು. ಮೊಳೆಯೇ ಇಲ್ಲ, ಮರಕ್ಕೆ ಹಲ್ಲು ಕೊರೆದು ಹಲ್ಲಿಗೆ ಹಲ್ಲು ಕೂಡಿಸಿದ್ದಾನೆ, ಕೂದಲು ತೂರದಷ್ಟು ಬಿಗಿ. ಜೀವಮಾನವೆಲ್ಲ ಅಳತೆಯ ಕೆಲಸ ಮಾಡಿದವರಿಗೆ ಅದು ಎಂಥ ಕೆಲಸವೆಂದು ತಿಳಿಯದೆ ಇರುತ್ತದೆಯೇ? ಹೆಮ್ಮೆ ಉಕ್ಕಿತು. 'ಯಾರು ಕಲಿಸಿದ್ರೋ ಇದನ್ನ ನಿನಗೆ' ಎಂದು ಕೇಳಬೇಕೆನಿಸಿತು.

"ಕಾಲು ಅಲ್ಲಾಡತ್ತೆ," ಎಂದರು. ಆಮೇಲೆ ಇಂಗ್ಲಿಷಿನಲ್ಲಿ, "ಹೌ ಮಚ್?"

ಅಲ್ಲಾ ಸ್ವಾಮಿ, ಹೆತ್ತ ಮಗನ ಜೊತೆ ಎರಡು ವರ್ಷದ ಮೇಲೆ ಆಡುವ ಮೊದಲ ಮಾತೇ ಇದು! ಕಾಲು ಅಲ್ಲಾಡುತ್ತಲೂ ಇರಲಿಲ್ಲ.

ಧ್ರುವ ನೆಟ್ಟಗೆ ನಿಂತ. ಪಕ್ಕದಲ್ಲಿ ಜೊತೆಯವರಿದ್ದರು, ದೊಡ್ಡವರಿಗೆಲ್ಲ ಹಾಗೆ ಹೇಳಿ ಅಭ್ಯಾಸವೂ ಆಗಿತ್ತೇನೋ. "ಫಾರ್ಟಿ, ಸರ್," ಎಂದ.

ಸರ್ ಎಂಬುದು ಗುರುರಾಜರಿಗೆ ಕೆನ್ನೆಗೆ ಹೊಡೆದಂತಾಯಿತು. "ಟ್ವೆಂಟಿ," ಎಂದರು.

"ಫಾರ್ಟಿ, ಸರ್."

ಗುರುರಾಜರು ಬೆನ್ನು ತಿರುಗಿಸಿದರು. ಕಾಲುಗಳಿಗೆ ಆ ನಡಿಗೆ ಗೊತ್ತಿತ್ತು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಕಾರಿನ ತನಕ ಹೋದರು, ಬಾಗಿಲು ತೆಗೆದರು, ಕೂತರು. ಕರೆ ಬರಲಿಲ್ಲ. ಎಂಜಿನ್ ಶುರು ಮಾಡಿ ಕಿಟಕಿ ಮಾತ್ರ ಇಳಿಸಿಯೇ ಇಟ್ಟರು, ಕರೆದರೆ ಕೇಳಿಸಲೆಂದು. ಎಸಿಯ ತಂಪೆಲ್ಲ ಹೊರಗೆ ಹೋಗುತ್ತಿತ್ತು. ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆ ಪಿಕಪ್ ಟ್ರಕ್ಕಿನ ಒಬ್ಬ ಧಡೂತಿ ಮನುಷ್ಯ ಬಂದ, ಮೇಜನ್ನು ಒಂದು ಸಲ ತಟ್ಟಿದ, ಕೇಳಿದಷ್ಟು ಕೊಟ್ಟ, ಎತ್ತಿ ಟ್ರಕ್ಕಿಗೆ ಹಾಕಿಕೊಂಡು ಹೊರಟೇಹೋದ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ವೈದೇಹಿ ದುಡುದುಡು ಬಂದು ಕಿಟಕಿಯ ಹತ್ತಿರ ನಿಂತರು. ಕಪ್ಪು ಕನ್ನಡಕದ ಕೆಳಗಿನಿಂದ ನೀರಿಳಿಯುತ್ತಿತ್ತು, ಆಪರೇಷನ್ನಿನದೋ, ಬೇರೆಯದೋ.

"ಏನು, ಚಿಕ್ಕಪೇಟೆ ಅಂದ್ಕೊಂಡಿದ್ದೀರಾ ಇದನ್ನ? ಯಾರು ಓಡಿ ಬರ್ತಾರೆ ಅಂತ ಕಿಟಕಿ ತೆಕ್ಕೊಂಡು ಕೂತಿದ್ದೀರಿ? ಎರಡು ವರ್ಷದಿಂದ ಇದನ್ನೇ ಮಾಡ್ತಿದ್ದೀರಿ. ನನಗೂ ಸಾಕಾಗಿದೆ ಕಣ್ರೀ. ಅವನು ಮಂಗಳವಾರ ಹೋಗ್ತಾನೆ, ನೀವು ಹೀಗೇ ಕೂತಿರಿ."

ಎರಡು ವರ್ಷದ ಹಿಂದೆ ಆ ಸಂಜೆ ಗುರುರಾಜರು ಊಟ ಬಿಟ್ಟು ಹೊರಟದ್ದೂ ಇದೇ ನಡಿಗೆಯಲ್ಲೇ. ಮನೆಗೆ ಬರಬೇಡ ಎಂದು ಹೇಳಿ, ಮಗ ಕರೆಯುತ್ತಾನೆಂದು ನಿಧಾನವಾಗಿ ನಡೆದಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಅದನ್ನು ಹೇಗೋ ಕಂಡುಕೊಂಡಿದ್ದರು. ಕಾರು ಆಫ್ ಮಾಡಿ ಇಳಿದರು.

ಈಗ ನಿಜಕ್ಕೂ ಕಷ್ಟ. ಮೊದಲಾದರೆ ಮೇಜಿತ್ತು, ಬೆಲೆ ಕೇಳಬಹುದಾಗಿತ್ತು. ಈಗ ಮಗನ ಮುಂದೆ ನಿಲ್ಲಲು ಒಂದು ನೆಪವೂ ಇಲ್ಲ. ಹೋಗಿ ಫ್ರಿಜ್ಜಿನ ಪಕ್ಕದಲ್ಲಿ ನಿಂತರು. ಧ್ರುವ ನೋಡಿದ, ನೋಡದವನಂತೆ ಡಂಬೆಲ್ಲುಗಳನ್ನು ಸಾಲಾಗಿ ಜೋಡಿಸಿದ.

ಅಷ್ಟರಲ್ಲಿ ಒಬ್ಬ ಕೊರಿಯಾದ ಅಜ್ಜಿ ಬಂದಳು. ಕಿಲೀನ್‌ನಲ್ಲಿ ಕೊರಿಯಾದವರು ಬಹಳ. ಫ್ರಿಜ್ಜಿನ ಬಾಗಿಲು ತೆಗೆದು, ಮೂಸಿ, ಮೂಗು ಮುರಿದಳು. ಧ್ರುವ ಮೂವತ್ತೈದು ಎಂದ. ಅಜ್ಜಿ ಎರಡು ಬೆರಳೆತ್ತಿ ಇಪ್ಪತ್ತು ಎಂದಳು. ಧ್ರುವ ತಲೆಯಾಡಿಸಿ ಆಗುವುದಿಲ್ಲ ಎಂದ. ಅಜ್ಜಿ ಬೆನ್ನು ತಿರುಗಿಸಿ ಹೊರಟಳು.

ಆ ನಡಿಗೆ ನೋಡಿ ಗುರುರಾಜರಿಗೆ ಸುಮ್ಮನಿರಲಾಗಲಿಲ್ಲ. "ಕರಿ ಅವರನ್ನ," ಎಂದರು.

"ಹೋಗ್ತಿದಾರಲ್ಲ." ಧ್ರುವ ಮಾತಾಡಿದ್ದು ಇಂಗ್ಲಿಷಿನಲ್ಲಿ, ಅವನಿಗೆ ಅದೇ ಸಲೀಸು.

"ಹೋಗ್ತಿಲ್ಲ ಕಣೋ. ನಡೆಯೋದು ನೋಡು, ಎಷ್ಟು ನಿಧಾನ. ಕರೀಲಿ ಅಂತ ಕಾಯ್ತಿದಾರೆ. ಇಪ್ಪತ್ತೆಂಟು ಅನ್ನು. ಬೇಗ!"

ಧ್ರುವ ಕರೆದ. ಅಜ್ಜಿ ತಿರುಗಿದ ವೇಗ ನೋಡಬೇಕಿತ್ತು! ಇಪ್ಪತ್ತಾರಕ್ಕೆ ಇತ್ಯರ್ಥವಾಯಿತು. ಧ್ರುವನೇ ಫ್ರಿಜ್ಜನ್ನು ಅವಳ ಕಾರಿಗೆ ಹೊತ್ತುಹಾಕಿ ಬಂದ. ಬಂದವನು ಅಪ್ಪನ ಎದುರು ಬೆವರು ಒರೆಸಿಕೊಳ್ಳುತ್ತ ನಿಂತ.

"ಆ ದಿನ ಸಂಜೆ ನೀವೂ ನಿಧಾನಕ್ಕೇ ಹೋದ್ರಿ."

"ಹೂಂ."

"ನಾನು ಕರೀಲಿ ಅಂತಾನಾ?"

"ಮತ್ತಿನ್ಯಾಕೆ? ನಮ್ಮ ಬೀದಿ ಕೊನೇಲಿರೋ ಕೊಳದ ಹತ್ರ ಹೋಗಿ ನಿಂತಿದ್ದೆ. ನೀನು ಕರೀತೀಯ, ಕೂತು ಮಾತಾಡೋಣ, ಡಿಗ್ರಿ ಮುಗಿಸಿ ಆಮೇಲೆ ಸೇರ್ಕೋ ಅಂತ ಹೇಳೋಣ ಅಂದ್ಕೊಂಡಿದ್ದೆ. ಮನೆಗೆ ಬರ್ಬೇಡ ಅಂದಿದ್ದು..." ಗುರುರಾಜರ ದನಿ ಒಡೆಯಿತು. "ಅದು ಮೊದಲು ಬಾಯಲ್ಲಿ ಹೇಳೋ ಬೆಲೆ ಕಣೋ. ಅಷ್ಟಕ್ಕೇ ಯಾರಾದ್ರೂ ವ್ಯಾಪಾರ ಮುಗಿಸ್ತಾರಾ?"

ಈ ಸಲ ಧ್ರುವನ ಬಾಯಿಂದ ಬಂದದ್ದು ಕನ್ನಡ, ಅಲ್ಲಲ್ಲಿ ಎಡವುವ ಕನ್ನಡ.

"ನಾನು ಬಾಗಿಲ ತನಕ ಬಂದೆ, ಅಪ್ಪ. ಕರೀಬೇಕು ಅಂತಾನೇ ಬಂದೆ. ಹೊರಗಡೆ ಹೊರಟೋರನ್ನ ಹಿಂದಿನಿಂದ ಕರೀಬಾರದು ಅಂತ ಅಮ್ಮ ಚಿಕ್ಕೋನಿಂದ ಹೇಳಿದಾಳಲ್ಲ. ಕರೆದ್ರೆ ಹೋಗೋರಿಗೆ ಏನಾದ್ರೂ ಕೆಟ್ಟದಾಗತ್ತೆ ಅಂತ. ನೀವು ಅಷ್ಟು ಕೋಪದಲ್ಲಿ ರೋಡಿಗೆ ಹೋಗ್ತಿದ್ರಿ. ನನಗೆ ಭಯ ಆಯ್ತು. ಕರೀಲಿಲ್ಲ."

ಎರಡು ವರ್ಷ! ಅಮೆರಿಕದಲ್ಲಿ ಹುಟ್ಟಿದವನು, ಕಲ್ಲು ಮನಸ್ಸಿನವನು, ಹೆತ್ತವರ ಮಾತಿಗೆ ಬೆಲೆ ಕೊಡದವನು ಎಂದು ಗುರುರಾಜರು ಮಗನನ್ನು ಮನಸ್ಸಿನಲ್ಲೇ ಬೈದುಕೊಂಡದ್ದೆಷ್ಟು. ಅವನೋ, ಅಮ್ಮ ಹೇಳಿದ ಒಂದು ಮಾತನ್ನು ತಪ್ಪದೆ ಪಾಲಿಸಿ ಬಾಗಿಲಲ್ಲಿ ನಿಂತಿದ್ದ.

"ಅದು ಊರಿಗೆ ಹೊರಟೋರಿಗೆ ಕಣೋ," ಎಂದರು. "ಜಗಳ ಆಡ್ಕೊಂಡು ಹೋಗೋರಿಗಲ್ಲ."

"ಯಾವುದು ಯಾವುದಕ್ಕೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ನ್ಯಾಯವಾದ ಪ್ರಶ್ನೆ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಗುರುರಾಜರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅವರು ಬೆಳೆದದ್ದು ಮೈಸೂರಿನಲ್ಲಿ.

"ಮನೆಗೆ ಬಾ," ಎಂದರು. "ಮಂಗಳವಾರದ ತನಕ. ನಾನೇ ಡಲ್ಲಾಸಿಗೆ ಕರ್ಕೊಂಡು ಹೋಗಿ ಏರ್‌ಪೋರ್ಟಿಗೆ ಬಿಡ್ತೀನಿ."

ಧ್ರುವ ತಕ್ಷಣ ಹೂಂ ಅನ್ನಲಿಲ್ಲ. ಜೊತೆಯವರ ಜೊತೆ ಊಟಕ್ಕೆ ಒಪ್ಪಿಕೊಂಡಿದ್ದೇನೆ, ಸಾರ್ಜೆಂಟನ ಮನೆಯಲ್ಲಿ ಮಲಗುವ ಏರ್ಪಾಡಾಗಿದೆ, ನೋಡುತ್ತೇನೆ ಎಂದ. ಎರಡು ವರ್ಷ ಮಾತು ಬಿಟ್ಟ ಅಪ್ಪ ಒಂದು ಬೆಳಿಗ್ಗೆ ಬಂದು ಕರೆದರೆ ಕುಣಿದುಕೊಂಡು ಬರಬೇಕೆಂದು ಎಲ್ಲಿದೆ? ಗುರುರಾಜರ ಕಾಲುಗಳು ಹಳೆಯ ಚಾಳಿಯಂತೆ ತಿರುಗಲು ನೋಡಿದವು. ಅವರು ತಿರುಗಲಿಲ್ಲ. ನೂರೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಅಲ್ಲೇ ನಿಂತರು. ಯಾರೋ ಟಿವಿ ಕೊಂಡಾಗ ಒಂದು ಬದಿ ಹಿಡಿದರು, ಗಿಟಾರಿನ ಬೆಲೆ ಕೇಳಿದವರಿಗೆ ಚೀಟಿ ನೋಡಿ ಹೇಳಿದರು, ವೈದೇಹಿ ಕೊಟ್ಟ ಪುಳಿಯೋಗರೆಯನ್ನು ಪೇಪರ್ ತಟ್ಟೆಯಲ್ಲಿ ಸಾರ್ಜೆಂಟನ ಪಕ್ಕ ನಿಂತೇ ತಿಂದರು. ಒಂದೂವರೆಗೆ ಸೇಲ್ ಮುಗಿಯಿತು. ಧ್ರುವ ಒಳಗೆ ಹೋಗಿ ತನ್ನ ಹಸಿರು ಚೀಲ ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ತಾನೂ ಅದರ ಪಕ್ಕ ಕೂತ.

ಮೂರು ದಿನದಲ್ಲಿ ಮಾತೇನೂ ಹೆಚ್ಚು ನಡೆಯಲಿಲ್ಲ. ಅಪ್ಪ ಮಗ ಸೇರಿ ಗರಾಜು ಖಾಲಿ ಮಾಡಿದರು, ಎರಡು ಇಸ್ತ್ರಿ ಹಲಗೆ ಎಸೆದರು. ಮರಕ್ಕೆ ಹಲ್ಲು ಕೊರೆಯುವುದನ್ನು ಧ್ರುವ ತೋರಿಸಿಕೊಟ್ಟ; ಗುರುರಾಜರ ಉಳಿ ಎರಡು ಸಲ ಜಾರಿತು. ಮಂಗಳವಾರ ಬೆಳಿಗ್ಗೆ ಬೇಗ ಹೊರಟು ಮೂರೂವರೆ ಗಂಟೆ ಡ್ರೈವ್ ಮಾಡಿ ಡಲ್ಲಾಸ್ ಸೇರಿದರು.

ಏರ್‌ಪೋರ್ಟಿನಲ್ಲಿ ಧ್ರುವ ಇಬ್ಬರಿಗೂ ನಮಸ್ಕಾರ ಮಾಡಿದ. ವೈದೇಹಿ ಅವನ ಹಣೆ ಮುಟ್ಟಿ ಏನೋ ಹೇಳಿಕೊಂಡರು. ಗುರುರಾಜರು "ಆಯ್ತು, ಹೋಗ್ಬಾ" ಎಂದು ಭುಜ ತಟ್ಟಿದರು, ಅಷ್ಟೇ. ಚೀಲ ಹೆಗಲಿಗೇರಿಸಿ ಅವನು ಸೆಕ್ಯುರಿಟಿ ಸಾಲಿನ ಕಡೆಗೆ ನಡೆದ. ಬೇಗ ಬೇಗ ನಡೆದ, ಒಮ್ಮೆಯೂ ತಿರುಗದೆ. ಇದು ಬೆಲೆ ಇಳಿಸಲು ನಡೆಯುವವರ ನಡಿಗೆಯಲ್ಲ, ನಿಜವಾಗಿ ಹೋಗುವವರದು. ಗುರುರಾಜರಿಗೆ ಅದು ಚೆನ್ನಾಗಿ ಗೊತ್ತಾಯಿತು. ಪಕ್ಕದಲ್ಲಿದ್ದ ವೈದೇಹಿಗೆ ಗಂಡನ ಮುಖ ನೋಡಿ ಇನ್ನೇನೋ ಗೊತ್ತಾಯಿತು.

"ರೀ, ಬೇಡ," ಎಂದು ತೋಳು ಹಿಡಿದರು. "ಹೊರಟಿದಾನೆ, ಕರೀಬೇಡಿ."

"ಧ್ರುವಾ!"

ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಧ್ರುವನೂ ತಿರುಗಿದ, ಹಗ್ಗದ ಕೆಳಗೆ ನುಸುಳಿ ಓಡುತ್ತಲೇ ಬಂದ.

"ಏನಪ್ಪಾ? ಏನಾಯ್ತು?"

"ಏನಿಲ್ಲ," ಎಂದರು ಗುರುರಾಜರು. "ಕರೆದೆ."

"ಬುದ್ಧಿ ಇದೆಯೇನ್ರೀ ನಿಮಗೆ?" ವೈದೇಹಿ ಸಿಡಿದರು. "ಸಮುದ್ರ ದಾಟಿ ಹೋಗೋ ಮಗೂನ ಹಿಂದಿನಿಂದ ಕರೆಯೋದಾ? ಬಾರೋ, ಬಾ, ಇಲ್ಲಿ ಕೂತ್ಕೋ. ಹಾಗೇ ಹೋಗ್ಬಾರದು. ಸ್ವಲ್ಪ ಕೂತು, ನೀರು ಕುಡಿದು, ಆಮೇಲೆ ಹೊರಡು."

ಕರೆದ ತಪ್ಪಿಗೆ ಪರಿಹಾರ ಅದೇ ತಾನೇ. ಗುರುರಾಜರು ಹೋಗಿ ಇರುವುದರಲ್ಲಿ ದೊಡ್ಡ ನೀರಿನ ಬಾಟಲಿ ತಂದರು. ಧ್ರುವ ಅಪ್ಪ ಅಮ್ಮನ ನಡುವೆ ಕೂತು ಗಡಿಯಾರ ನೋಡಿಕೊಂಡ, ಅಪ್ಪನನ್ನು ನೋಡಿದ, ಮುಚ್ಚಳ ತಿರುಗಿಸಿದ. ಒಂದೊಂದೇ ಗುಟುಕು ಕುಡಿದ. ಬಾಟಲಿ ಖಾಲಿಯಾಗಲು ಹನ್ನೊಂದು ನಿಮಿಷ ಹಿಡಿಯಿತು.